ಎಂಟರಿಂದ ಎಂಬತ್ತರವರೆಗೆ ಅನ್ನುವವರಿಗೆ

ಮಕ್ಕಳ ಕಾದಂಬರಿಯ ಹಸ್ತಪ್ರತಿ ಸ್ಪರ್ಧೆಗಳಿಗೆ ಬಂದ ಕಟ್ಟುಗಳನ್ನು ಮೊದಲ ಸುತ್ತಿನಲ್ಲಿ ಓದಿ, ತೀರ್ಪುಗಾರರ ಮೇಜಿಗೆ ಹೋಗಬೇಕಾದವನ್ನು ಆರಿಸಿಕೊಡುವುದು ಕೊಪ್ಪಳದಲ್ಲಿ ಕೂತು ನಾನು ಮಾಡುವ ಕೆಲಸಗಳಲ್ಲೊಂದು. ಉಳಿದಂತೆ ಬರೆಯುವವರಿಗೆ, ಪ್ರಕಾಶಕರಿಗೆ ಪ್ರತಿ ತಿದ್ದಿಕೊಡುತ್ತೇನೆ. (ನಾನು ತಿದ್ದಿದ ಪ್ರತಿ ಹೋಗಿರುವ ಸ್ಪರ್ಧೆಯನ್ನು ನಾನು ಓದುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಎರಡೂ ಕೆಲಸದಲ್ಲಿ ನನ್ನನ್ನು ಬೆನ್ನು ಬಿಡದೆ ಕಾಡುವ ಸಾಲೊಂದಿದೆ. ಪ್ರತಿಯ ಮೇಲೆ ಪಿನ್ ಮಾಡಿದ ಪತ್ರದಲ್ಲಿ ಅದು ಇದ್ದೇ ಇರುತ್ತದೆ: ‘ಈ ಕಾದಂಬರಿಯನ್ನು ಎಂಟರಿಂದ ಎಂಬತ್ತರವರೆಗೆ ಯಾರು ಬೇಕಾದರೂ ಓದಬಹುದು.’

ಎಂಬತ್ತರವರ ಚಿಂತೆ ನನಗಿಲ್ಲ, ಅವರು ಕನ್ನಡಕ ಏರಿಸಿಕೊಂಡು ಏನನ್ನಾದರೂ ಓದಿಕೊಳ್ಳುತ್ತಾರೆ. ನಾನು ಕೇಳುವುದಿಷ್ಟೇ: ಎಂಟರವನಿಗೆ ಬರೆದಿದ್ದೀರೋ, ಹದಿನಾಲ್ಕರವಳಿಗೋ? ಪ್ರತಿ ತಿದ್ದಿಸಲು ಬಂದ ಒಬ್ಬ ಹಿರಿಯರು ನನ್ನ ಪ್ರಶ್ನೆಗೆ ನಕ್ಕೇಬಿಟ್ಟರು. ‘ಹುಡುಗ್ರಂದ್ರ ಹುಡುಗ್ರರೀ ಮೇಡಂ, ಅದರಾಗ ಎಂಟೇನು, ಹದಿನಾಕೇನು?’ ಹೀಗಂದವರು ನಿವೃತ್ತ ಮುಖ್ಯೋಪಾಧ್ಯಾಯರು. ತಮ್ಮ ಇಡೀ ನೌಕರಿಯಲ್ಲಿ ಮೂರನೇತ್ತಕ್ಕೂ ಒಂಬತ್ತನೇತ್ತಕ್ಕೂ ಒಂದೇ ಪಾಠ ಮಾಡದವರು! ಕೈಗೆ ಪೆನ್ನು ಬಂದ ಕೂಡಲೇ ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತಾರೆ.

ವಯಸ್ಸು ಅಂದರೆ ಮುಖಪುಟದ ಮೂಲೆಯಲ್ಲಿ ಹಾಕುವ ಅಂಕಿ ಎಂದುಕೊಂಡಿದ್ದಾರೆ ಬಹಳ ಜನ. ಪುಸ್ತಕ ಮುಗಿದ ಮೇಲೆ ಅಂಟಿಸಿದರಾಯಿತು ಎಂಬ ಲೆಕ್ಕ. ಅದು ಹಾಗಲ್ಲ ಎಂಬುದನ್ನು ನಮ್ಮ ಸೀಮೆಯ ಒಂದು ಸಂಗತಿ ಹಿಡಿದೇ ಹೇಳುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಈ ಕಡೆಯ ಪ್ರತಿಗಳಲ್ಲಿ ಆ ಗೇಟು ಮತ್ತೆ ಮತ್ತೆ ಬರುತ್ತಿದೆ. ಬರಲಿ, ಸಂತೋಷ. ಒಂದರಲ್ಲಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಹತ್ತು ವರ್ಷದ ಹುಡುಗನೊಬ್ಬ, ಹರಿಯುವ ನೀರಿಗೆ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸುವುದು ಹೇಗೆಂದು ಇಂಜಿನಿಯರುಗಳಿಗೆ ಹೇಳಿಕೊಡುತ್ತಾನೆ. ಕೊನೆಗೆ ಮಂತ್ರಿಗಳಿಂದ ಶಾಲು, ಹಾರ. ಆ ಹುಡುಗ ಮಾತಾಡುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಮಾತಾಡಿದಂತೆ. ಅವನಿಗೆ ಹತ್ತು ವರ್ಷ ಅನ್ನುವುದು ಮೊದಲ ಪುಟದಲ್ಲಿ ಬರೆದಿರುವುದರಿಂದ ಮಾತ್ರ ಗೊತ್ತಾಗುತ್ತದೆ.

ಅದೇ ಗೇಟನ್ನು ಗಂಗಾವತಿ ಕಡೆಯ, ಎಡದಂಡೆ ಕಾಲುವೆಯ ಪಕ್ಕದ ಒಂದು ಮನೆಯಿಂದ ನೋಡಿ. ಮನೆಯಲ್ಲಿ ಎಂಟು ವರ್ಷದ ಹುಡುಗ ಇದ್ದಾನೆನ್ನಿ. ಅವನಿಗೆ ಡ್ಯಾಮ್ ಅಂದರೆ ಒಮ್ಮೆ ಹೋಗಿ ಕರಿದ ಮೀನು ತಿಂದ ಜಾಗ. ಈಗ ದೊಡ್ಡವರೆಲ್ಲ ಟಿವಿ ಮುಂದೆ ಕೂತಿದ್ದಾರೆ, ಅವನಿಗೆ ಊಟಕ್ಕೆ ಹಾಕಬೇಕೆಂಬುದು ಯಾರಿಗೂ ನೆನಪಿಲ್ಲ. ನೀರೆಲ್ಲ ಹರಿದು ಹೋದರೆ ಮೀನುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಸುಮ್ಮನಿರು ಅನ್ನುತ್ತಾರೆ. ಅವನ ಕಾದಂಬರಿ ಆ ಮೀನಿನ ಹಿಂದೆ ಹೋಗಬಹುದು. ಅಲ್ಲಿ ಟಿಎಂಸಿ ಎಂಬ ಪದ ಬಂದರೂ ಅದು ಅವನಿಗೆ ಅರ್ಥವಾಗದ, ದೊಡ್ಡವರ ಬಾಯಲ್ಲಿ ಓಡಾಡುವ ಸದ್ದು ಮಾತ್ರ.

ಅವನ ಅಕ್ಕನಿಗೆ ಹನ್ನೊಂದು. ಅವಳು ಲೆಕ್ಕದ ಹುಡುಗಿ. ಇರುವುದು 33 ಗೇಟು, ಹೋಗಿರುವುದು ಒಂದು, ಹಾಗಿದ್ದರೆ ನೀರು ಉಳಿಸುವುದು ಬಿಟ್ಟು ಬೇರೆ ಗೇಟುಗಳನ್ನೂ ಯಾಕೆ ತೆಗೆದರು? ಒತ್ತಡ ಇಳಿಸಲಿಕ್ಕೆ ಎಂದು ಯಾರಾದರೂ ಹೇಳಿದರೆ ಅವಳಿಗೆ ಸಮಾಧಾನವಿಲ್ಲ, ಹೋಗಿ ನೋಡಬೇಕು. ಗೆಳತಿಯನ್ನು ಕರೆದುಕೊಂಡು, ಮನೆಯಲ್ಲಿ ಸುಳ್ಳು ಹೇಳಿ, ಮುನಿರಾಬಾದ್ ಬಸ್ಸು ಹತ್ತಿದರೆ ಅದೇ ಕಾದಂಬರಿ. ತಾತ್ಕಾಲಿಕ ಗೇಟು ಕೂರಿಸುವುದು ಇಂಜಿನಿಯರುಗಳ ಕೆಲಸ, ಅವರು ವಾರದ ಸುಮಾರಿಗೆ ಮಾಡಿಯೂ ಮುಗಿಸಿದರು. ಇವಳ ಕೆಲಸ ಅಲ್ಲಿಗೆ ಹೋಗಿ ಮುಟ್ಟುವುದು, ವಾಪಸ್ ಬಂದು ಬೈಸಿಕೊಳ್ಳುವುದು.

ಪಕ್ಕದ ಮನೆಯಲ್ಲಿ ಹದಿನೈದರ ಹುಡುಗನೊಬ್ಬ. ಅವನಪ್ಪ ಇನ್ನೊಬ್ಬರ ಗದ್ದೆಯನ್ನು ಗುತ್ತಿಗೆಗೆ ಹಿಡಿದಿದ್ದಾನೆ, ಗೊಬ್ಬರದ ಅಂಗಡಿಯಲ್ಲಿ ಸಾಲ ಇದೆ. ಎರಡನೇ ಬೆಳೆಗೆ ನೀರು ಸಿಗಲಿಕ್ಕಿಲ್ಲ ಎಂದು ಚಹಾದಂಗಡಿಯಲ್ಲಿ ಮಾತು. ನೀರಿಲ್ಲ ಅಂದರೆ ಮುಂದಿನ ವರ್ಷ ಪಿಯುಸಿಗೆ ಬಳ್ಳಾರಿಯ ಹಾಸ್ಟೆಲ್ ಇಲ್ಲ. ಅಪ್ಪನನ್ನು ನೋಡಿದರೆ ಅವನಿಗೆ ಅಯ್ಯೋ ಅನ್ನಿಸುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ, ಸಿಟ್ಟು ಬಂದದ್ದಕ್ಕೆ ನಾಚಿಕೆ. ಇದನ್ನು ಎಂಟರವನಿಗೆ ಓದಿ ಹೇಳಿ ನೋಡಿ, ಎರಡನೇ ಪುಟಕ್ಕೆ ಎದ್ದು ಹೋಗುತ್ತಾನೆ. ಅದು ಅವನ ತಪ್ಪಲ್ಲ.

ಗೇಟು ಒಂದೇ, ಕಾದಂಬರಿ ಮೂರು. ವಾಕ್ಯ ಎಷ್ಟುದ್ದ ಇರಬೇಕು, ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು, ಕೊನೆಗೆ ಯಾರು ಏನು ಮಾಡಬೇಕು, ಎಲ್ಲವನ್ನೂ ವಯಸ್ಸೇ ನಿರ್ಧರಿಸುತ್ತದೆ. ಮೂರನ್ನೂ ಕಲಸಿ ‘ಎಲ್ಲ ವಯೋಮಾನದವರಿಗೆ’ ಎಂದು ಕಳಿಸುವುದು, ಬೆಳೆಯೋ ಹುಡುಗ ಅಂತ ಯೂನಿಫಾರ್ಮನ್ನು ಎರಡು ಸೈಜು ದೊಡ್ಡದಾಗಿ ಹೊಲಿಸಿದ ಹಾಗೆ. ಈ ವರ್ಷ ಅದು ಯಾರ ಮೈಗೂ ಕೂರುವುದಿಲ್ಲ.

ಮಕ್ಕಳು ಇಂಥದ್ದನ್ನೇ ಓದಬೇಕೆಂದು ನಾನು ಹೇಳುತ್ತಿಲ್ಲ. ಎಂಟರ ಹುಡುಗಿ ಅಣ್ಣನ ಪುಸ್ತಕ ಕದ್ದು ಓದುವುದುಂಟು, ಓದಲಿ. ನನ್ನ ತಕರಾರು ಬರೆಯುವವರ ಜೊತೆ.

ಅತಿ ಹೆಚ್ಚು ಪೆಟ್ಟು ತಿನ್ನುವುದು ಹದಿಹರೆಯದವರು. ಅವರಿಗೆ ಸೇರಬೇಕಾದ ವಿಷಯವನ್ನು ಪುಟ್ಟ ಮಕ್ಕಳ ದನಿಯಲ್ಲಿ ಹೇಳುತ್ತಾರೆ. ಬಾಲ್ಯವಿವಾಹದ ಮೇಲೆ ಬಂದ ಒಂದು ಪ್ರತಿಯಲ್ಲಿ ಹದಿನಾಲ್ಕರ ಹುಡುಗಿಯ ಮದುವೆ ನಿಲ್ಲಿಸುವುದು ಒಂದು ಗಿಳಿ. ಅದು ಹಾರಿಹೋಗಿ ಜಿಲ್ಲಾಧಿಕಾರಿಗಳ ಹೆಗಲ ಮೇಲೆ ಕೂತು ಸುದ್ದಿ ಮುಟ್ಟಿಸುತ್ತದೆ. ರಾಯಚೂರು, ಕೊಪ್ಪಳದ ಯಾವ ಹೈಸ್ಕೂಲಿನ ಹುಡುಗಿಗೆ ಈ ಗಿಳಿ ಬೇಕು? ಮಕ್ಕಳ ಸಹಾಯವಾಣಿ 1098 ಎಂದು ಶಾಲೆಯ ಗೋಡೆಯ ಮೇಲೆ ಬರೆದಿರುವುದನ್ನು ನೋಡಿಕೊಂಡೇ ಬೆಳೆದಿದ್ದಾಳೆ. ನಂಬರು ಗೊತ್ತಿದ್ದೂ ಯಾಕೆ ಹಚ್ಚುವುದಿಲ್ಲ? ಮನೆಯಲ್ಲಿರುವ ಒಂದೇ ಫೋನು ಅಪ್ಪನ ಅಂಗಿಯ ಕಿಸೆಯಲ್ಲಿದೆ. ಹಚ್ಚಿದರೆ ನಾಳೆ ಅವ್ವನ ಗತಿಯೇನು? ಸಹಾಯವಾಣಿಯವರು ಬಂದು ಹೋದ ಮೇಲೆ ಊರಲ್ಲಿ ಹೇಗೆ ತಲೆ ಎತ್ತುವುದು? ಕಾದಂಬರಿ ಇರುವುದು ಅಲ್ಲಿ. ಗಿಳಿ ಬಂದರೆ ಅಷ್ಟೂ ಹಾರಿಹೋಗುತ್ತದೆ.

ಒಮ್ಮೆ ಲೇಖಕರ ಒಪ್ಪಿಗೆ ಪಡೆದೇ ಒಂದು ಪ್ರತಿಯನ್ನು ನಮ್ಮ ಓಣಿಯ ಒಂಬತ್ತನೇತ್ತದ ಹುಡುಗಿಗೆ ಕೊಟ್ಟಿದ್ದೆ. ಸಂಜೆ ಅದನ್ನು ಎದೆಗೆ ಒತ್ತಿಕೊಂಡು ಬಂದು ಬಾಗಿಲಲ್ಲೇ ನಿಂತಳು. ‘ಆಂಟಿ, ಈಕಿ ಹೈಸ್ಕೂಲಂತ, ಮತ್ತ ಗೊಂಬಿಗೆ ಜಡಿ ಹಾಕ್ಕೋತ ಕುಂತಾಳ. ನಮ್ಮ ತಂಗೀನs ಬಿಟ್ಟಾಳ ಅದನ್ನ.’ ನಾನು ಎರಡು ಪುಟದ ವರದಿಯಲ್ಲಿ ಹೇಳಲು ಹೊರಟದ್ದೂ ಇದೇ ಆಗಿತ್ತು. ಲೇಖಕರಿಗೆ ಅವಳ ಮಾತನ್ನೇ ಬರೆದು ಕಳಿಸಿದೆ. ಅವರಿಗೆ ನನ್ನ ಮೇಲೆ ಬೇಜಾರಾಯಿತು, ಅವಳ ಮೇಲೆ ಆಗಲಿಲ್ಲ. ಅದೇನೋ ಒಳ್ಳೆಯದೇ.

ಇಂಗ್ಲೆಂಡಿನ ಬಾತ್ ಊರಿನ ಹೆಸರಿನ ಮಕ್ಕಳ ಕಾದಂಬರಿ ಬಹುಮಾನವೊಂದಿದೆ. ಅದಕ್ಕೆ ಮೊದಲು ಕಳಿಸಬೇಕಾದ್ದು ಕಾದಂಬರಿಯ ಆರಂಭದ 5,000 ಪದ, ಜೊತೆಗೆ ಒಂದು ಪುಟದ ಸಾರಾಂಶ. ಕಿರುಪಟ್ಟಿ ಆರಿಸುವುದು 7ರಿಂದ 17 ವರ್ಷದ ಮಕ್ಕಳೇ. ನಮ್ಮ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಆರಿಸುವವರು ನನ್ನಂಥ ನರೆಗೂದಲಿನವರು, ಆದ್ದರಿಂದ ಬರೆಯುವವರೂ ನಮ್ಮನ್ನು ಮೆಚ್ಚಿಸಲು ಹೊರಡುತ್ತಾರೋ ಏನೋ. ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರ 2025ರಲ್ಲಿ ಬಳ್ಳಾರಿಯ ಶಿವಲಿಂಗಪ್ಪ ಹಂದಿಹಾಳ ಅವರಿಗೆ ಬಂತು, ಈ ಸೀಮೆಯವರಿಗೆಲ್ಲ ಹೆಮ್ಮೆ. ಆದರೆ ಅದು ಅಚ್ಚಾದ ಪುಸ್ತಕಕ್ಕೆ ಸಲ್ಲುವುದು. ಹಸ್ತಪ್ರತಿಯ ಬಹುಮಾನದ ದಾರಿ ಬೇರೆ. ಸಂಡೂರು ಮೂಲದ ಕತೆಗಾರ ವಸುಧೇಂದ್ರರ ಪ್ರಕಾಶನ ಸಂಸ್ಥೆ ‘ಛಂದ ಪುಸ್ತಕ’ ಹೊಸ ಕತೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅದನ್ನೇ ಪುಸ್ತಕ ಮಾಡುತ್ತ ಬಂದಿರುವುದನ್ನು ನೋಡಿ. ಬಹುಮಾನವೆಂದರೆ ಅಲ್ಲಿ ಅಚ್ಚು ಹಾಕುವ ನಿರ್ಧಾರವೂ ಹೌದು. ಮಕ್ಕಳ ಹಸ್ತಪ್ರತಿಗೂ ಹಾಗೆ ಅಚ್ಚು ಹಾಕುವವರು ಕೇಳುವ ಮೊದಲ ಪ್ರಶ್ನೆ, ಚಿತ್ರ ಎಷ್ಟು, ಅಕ್ಷರ ಎಷ್ಟು ದೊಡ್ಡದು, ಯಾವ ತರಗತಿಯ ಮಕ್ಕಳ ಕೈಗೆ ಕೊಡುವುದು ಎಂದೇ. ಎಂಬತ್ತರವರೆಗೆ ಎಂದರೆ ಅವರು ಏನು ಮಾಡಬೇಕು?

ಉಳಿದದ್ದು ಬೇಗ ಹೇಳುತ್ತೇನೆ. ಸ್ಪರ್ಧೆಯಿಂದ ಸ್ಪರ್ಧೆಗೆ ನಿಯಮ ಬದಲಾಗುತ್ತದೆ, ಪ್ರಕಟಣೆಯನ್ನು ಪೂರ್ತಿ ಓದಿ, ನನ್ನ ಮಾತಿನ ಮೇಲೆ ಹೋಗಬೇಡಿ. ಹೆಸರು ಬೇಡ ಎಂದಿದ್ದರೆ ಅರ್ಪಣೆಯ ಪುಟದಲ್ಲಿ ಮನೆತನದ ಹೆಸರೂ ಬೇಡ. ದೊಡ್ಡವರಿಂದ ಮುನ್ನುಡಿ ಬರೆಸಿ ಕಳಿಸಬೇಡಿ, ಮೊದಲ ಸುತ್ತಿನಲ್ಲಿ ನಾನದನ್ನು ತೆಗೆದಿಟ್ಟೇ ಓದುವುದು. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದರೆ ಯೂನಿಕೋಡಿಗೆ ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿ, ಪಿಡಿಎಫ್ ಕೂಡ ಜೊತೆಗಿಡಿ.