ಎದೆ ಮೆತ್ತಗಾದರೆ ಹಾಲು ಬತ್ತಿತೆಂದು ಅರ್ಥವೇ?

ಪ್ರಶ್ನೆ: ಹೆರಿಗೆಯಾಗಿ ಆರು ವಾರಗಳಾದವು. ಮೊದಲೆರಡು ವಾರ ಎದೆ ಕಲ್ಲಿನಂತೆ ಬಿಗಿದುಕೊಂಡು, ಬಟ್ಟೆ ಒದ್ದೆಯಾಗುವಷ್ಟು ಹಾಲು ಸೋರುತ್ತಿತ್ತು. ಈಗ ಎದೆ ಮೆತ್ತಗಾಗಿದೆ, ಸೋರುವುದೂ ನಿಂತಿದೆ. ಸಂಜೆಯಾದರೆ ಮಗು ಮತ್ತೆ ಮತ್ತೆ ಹಾಲಿಗಾಗಿ ಅಳುತ್ತದೆ. ನನ್ನ ಹಾಲು ಬತ್ತುತ್ತಿದೆಯೇ? ಡಬ್ಬಿಹಾಲು ಆರಂಭಿಸಲೇ?

ಉತ್ತರ: ಮಗುವಿನ ತೂಕ ಏರುತ್ತಿದ್ದರೆ, ಎರಡೂ ಪ್ರಶ್ನೆಗಳಿಗೆ ಇಲ್ಲವೆಂಬುದೇ ಉತ್ತರ. ಇದೇ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂದು ಲೆಕ್ಕ ಇಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಆದರೆ ಬರಿಯ ‘ಇಲ್ಲ’ ಎಂಬ ಮಾತಿನಿಂದ ಯಾವ ಬಾಣಂತಿಗೂ ಸಮಾಧಾನವಾದದ್ದನ್ನು ಕಂಡಿಲ್ಲವಾದ್ದರಿಂದ, ಈ ಸಲ ಬುಡದಿಂದಲೇ ಹೇಳುತ್ತೇನೆ.

ಹಾಲಿನ ಸಿದ್ಧತೆ ಆರಂಭವಾಗುವುದು ಹೆರಿಗೆಯ ನಂತರವಲ್ಲ. ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿಯೇ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ಪ್ರಭಾವದಿಂದ ಸ್ತನದೊಳಗಿನ ನಾಳಗಳು ಕವಲೊಡೆದು ಹಾಲಿನ ಗ್ರಂಥಿಗಳು ಬೆಳೆಯುತ್ತವೆ; ಗರ್ಭಾವಸ್ಥೆಯ ನಡುಭಾಗಕ್ಕೆ ಬರುವಷ್ಟರಲ್ಲಿ ಅವು ಗಿಣ್ಣುಹಾಲನ್ನು ತಯಾರಿಸುವ ಶಕ್ತಿ ಪಡೆದಿರುತ್ತವೆ. ಆದರೂ ಆಗ ಹಾಲು ಹೇರಳವಾಗಿ ಬಾರದಿರುವುದಕ್ಕೆ ಕಾರಣ, ಮಾಸು ಸ್ರವಿಸುವ ಪ್ರೊಜೆಸ್ಟರಾನ್ ಅದನ್ನು ತಡೆಹಿಡಿದಿರುವುದು. ಹೆರಿಗೆಯಲ್ಲಿ ಮಾಸು ಹೊರಬಿದ್ದೊಡನೆ ಆ ತಡೆ ತೊಲಗುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳೊಳಗೆ ಹಾಲು ತುಂಬಿ ಬರುತ್ತದೆ. ಮಗು ಚೀಪಲಿ, ಚೀಪದಿರಲಿ, ಅದು ಬಂದೇ ಬರುತ್ತದೆ. ಹಾಲೂಡಿಸದಿರುವ ತಾಯಿಗೂ ಮೂರನೆಯ ದಿನ ಎದೆ ಬಿಗಿಯುವುದು ಇದೇ ಕಾರಣಕ್ಕೆ. ಹುಟ್ಟಿದ್ದು ಒಂದೋ ಎರಡೋ, ಅದಕ್ಕೆ ಎಷ್ಟು ಬೇಕು ಎಂಬುದು ದೇಹಕ್ಕೆ ಇನ್ನೂ ತಿಳಿಯದ ಹೊತ್ತು ಅದು. ಮೇಲಾಗಿ, ಆ ಬಿಗಿತವೆಲ್ಲ ಹಾಲಿನದೇ ಅಲ್ಲ: ಸ್ತನಕ್ಕೆ ರಕ್ತಸಂಚಾರ ಹೆಚ್ಚಿ, ಅಂಗಾಂಶಗಳಲ್ಲಿ ನೀರು ತುಂಬಿ ಉಂಟಾದ ಊತವೂ ಅದರಲ್ಲಿ ಸೇರಿರುತ್ತದೆ. ಅಂಥ ಊತವನ್ನು ನೀವು ಸಮೃದ್ಧಿಯ ಅಳತೆಗೋಲಾಗಿ ಇಟ್ಟುಕೊಂಡಿರಿ, ಅದು ಇಳಿದಾಗ ಗಾಬರಿಯಾದಿರಿ.

ಇದರ ಹಿಂದಿರುವುದು ಒಂದು ಹಟಮಾರಿ ಕಲ್ಪನೆ: ಎದೆಯೆಂದರೆ ಕೊಡ, ತುಂಬಿದ್ದರೆ ಭಾರ, ಬರಿದಾದರೆ ಹಗುರ, ಮತ್ತೆ ತುಂಬುವವರೆಗೆ ಮಗುವನ್ನು ಕಾಯಿಸಬೇಕು ಎಂಬುದು. ಈ ಕಲ್ಪನೆಯಲ್ಲಿ ಒಂದಂಶವೂ ನಿಲ್ಲುವುದಿಲ್ಲ. ಮೊದಲನೆಯದಾಗಿ, ಎದೆ ಪೂರ್ತಿ ಬರಿದಾಗುವುದೇ ಇಲ್ಲ. ಸಾಮಾನ್ಯವಾಗಿ ಮಗು ಒಂದು ಸಲಕ್ಕೆ, ಇರುವ ಹಾಲಿನ ಮೂರನೆಯ ಎರಡು ಭಾಗದಷ್ಟನ್ನು ಕುಡಿದು ಬಿಡುತ್ತದೆ, ಆ ಹೊತ್ತಿಗೂ ತಯಾರಿ ನಡೆದೇ ಇರುತ್ತದೆ. ಎರಡನೆಯದಾಗಿ, ಹಾಲು ನಿಂತಷ್ಟೂ ತಯಾರಿ ನಿಧಾನವಾಗುತ್ತದೆ, ಹಾಲು ಖಾಲಿಯಾದಷ್ಟೂ ವೇಗ ಪಡೆಯುತ್ತದೆ. ಎಂದರೆ, ಕೊಡದ ಲೆಕ್ಕಾಚಾರಕ್ಕೆ ತದ್ವಿರುದ್ಧವಾಗಿ, ಮೆತ್ತಗಿರುವ ಎದೆಯೇ ಚುರುಕಾಗಿ ದುಡಿಯುವ ಎದೆ. ಈ ಹತೋಟಿ ಎದೆಯೊಳಗೇ ಇದೆಯೆನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ, ಒಂದೇ ಕಡೆ ಕುಡಿಯುವ ಹಟ ಹಿಡಿದ ಮಗುವಿನ ತಾಯಿಯನ್ನು ನೋಡಿ: ರಕ್ತದಲ್ಲಿ ಹರಿಯುವ ಹಾರ್ಮೋನು ಎರಡೂ ಕಡೆಗೆ ಒಂದೇ ಆದರೂ, ಕುಡಿಯದೆ ಬಿಟ್ಟ ಕಡೆ ಹಾಲು ಬತ್ತುತ್ತದೆ, ಇನ್ನೊಂದು ಕಡೆ ಯಥೇಚ್ಛವಾಗಿ ಬರುತ್ತಲೇ ಇರುತ್ತದೆ.

ಮಗುವಿಗೆ ಒಂದು ತಿಂಗಳು ತುಂಬುವ ಹೊತ್ತಿಗೆ, ಬರಿಯ ಎದೆಹಾಲನ್ನೇ ಕುಡಿಸುವ ತಾಯಿಯಲ್ಲಿ ದಿನಕ್ಕೆ ಸರಾಸರಿ 750 ಮಿಲಿಲೀಟರಿನ ಆಸುಪಾಸಿನಲ್ಲಿ ಹಾಲು ಉತ್ಪತ್ತಿಯಾಗುತ್ತದೆ. ತಾಯಿಯಿಂದ ತಾಯಿಗೆ ಈ ಪ್ರಮಾಣ ಬಹಳ ಬದಲಾಗುವುದಾದರೂ, ಆರು ತಿಂಗಳವರೆಗೆ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಎದೆ ಮೆತ್ತಗಾಗುವುದೂ ಇದೇ ಅವಧಿಯಲ್ಲಿ! ಸ್ತನದ ಗಾತ್ರಕ್ಕೂ ಹಾಲಿಗೂ ಗಂಟುಹಾಕುವವರಿಗೂ ಇಲ್ಲಿಯೇ ಒಂದು ಮಾತು: ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊಬ್ಬು, ಹಾಲು ಮಾಡುವುದು ಗ್ರಂಥಿ.

ಈಗ ಡಬ್ಬಿಹಾಲಿನ ವಿಚಾರ. ಅನುಮಾನದಿಂದ ಸಂಜೆ ಒಂದು ಬಾಟಲಿ ಕೊಡುತ್ತೀರಿ, ಮಗು ಹೊಟ್ಟೆ ಭಾರವಾಗಿ ಹೆಚ್ಚು ಹೊತ್ತು ಮಲಗುತ್ತದೆ, ಎದೆಯಲ್ಲಿ ಹಾಲು ಹಾಗೆಯೇ ನಿಲ್ಲುತ್ತದೆ, ಹಾಲು ನಿಂತದ್ದರಿಂದ ತಯಾರಿ ತಗ್ಗುತ್ತದೆ. ಇಲ್ಲದಿದ್ದ ಕೊರತೆ ಕೆಲವೇ ವಾರಗಳಲ್ಲಿ ನಿಜವಾಗಿಬಿಡುತ್ತದೆ, ‘ನಾನು ಅಂದುಕೊಂಡದ್ದೇ ಸರಿಯಾಯಿತು’ ಎಂದು ನಿಮಗೆ ಅನ್ನಿಸುತ್ತದೆ. ಸಂಜೆ ಪದೇ ಪದೇ ಎದೆಗೆ ಬರುವುದು ಎಳೆಗೂಸುಗಳ ಸಹಜ ರೂಢಿ. ಪಂಪಿನಲ್ಲಿ ಬಂದ ಹಾಲನ್ನು ಅಳೆದು ಕೊರಗುವುದೂ ಬೇಡ. ಪಂಪು ಮಗುವಿನಷ್ಟು ನಿಪುಣವಲ್ಲ. ನೋಡಬೇಕಾದದ್ದು ಮಗುವನ್ನು: ದಿನವಿಡೀ ಆರು ಅಥವಾ ಹೆಚ್ಚು ಸಲ ಮೂತ್ರ, ಕುಡಿಯುವಾಗ ಗುಟುಕರಿಸುವ ಸದ್ದು, ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ತೂಕದ ಏರಿಕೆ. ನಿಜವಾದ ಕೊರತೆ ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸ್ತನದ ಶಸ್ತ್ರಚಿಕಿತ್ಸೆ, ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಾದ ತೀವ್ರ ರಕ್ತಸ್ರಾವ, ಗ್ರಂಥಿಗಳ ಅಪೂರ್ಣ ಬೆಳವಣಿಗೆ ಮುಂತಾದ ಕಾರಣಗಳಿಂದ ಅದು ಬರುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳಿಂದಲೂ ಹಾಲು ತಗ್ಗಬಹುದು. ತೂಕ ಏರದಿದ್ದರೆ ಅಥವಾ ಮೂತ್ರ ಕಡಿಮೆಯಾದರೆ ಮನೆಯಲ್ಲಿ ಊಹೆ ಮಾಡುತ್ತ ಕೂರದೆ ವೈದ್ಯರನ್ನು ಕಾಣಬೇಕು. ಆಗ ಮೇಲುಹಾಲು ಬೇಕೆಂದು ಅವರು ಹೇಳಿದರೆ ಅದನ್ನು ಸಂಕೋಚವಿಲ್ಲದೆ ಕೊಡಿ.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಇನ್ನೆರಡು ತಿಂಗಳಲ್ಲಿ ಕೇಳುತ್ತೀರಿ. ಬಾಚಣಿಗೆಯಲ್ಲಿ ಹಿಡಿಹಿಡಿಯಾಗಿ ಕೂದಲು ಬರತೊಡಗಿದಾಗ, ಹಾಲು ದೇಹದ ಸಾರವನ್ನೆಲ್ಲ ಹೀರುತ್ತಿದೆಯೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಆರೋಪವೂ ಸುಳ್ಳು. ಗರ್ಭಾವಸ್ಥೆಯಲ್ಲಿ ಹೆಚ್ಚಿದ ಈಸ್ಟ್ರೋಜನ್, ಉದುರಬೇಕಾಗಿದ್ದ ಕೂದಲನ್ನೂ ಬೆಳವಣಿಗೆಯ ಹಂತದಲ್ಲೇ ಹಿಡಿದಿಟ್ಟಿರುತ್ತದೆ. ಹೆರಿಗೆಯ ನಂತರ ಅವೆಲ್ಲ ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಜಾರಿ, ಎರಡರಿಂದ ನಾಲ್ಕು ತಿಂಗಳ ಬಳಿಕ ಒಟ್ಟಿಗೇ ಉದುರುತ್ತವೆ. ಹಾಲೂಡಿಸದ ತಾಯಂದಿರಿಗೂ ಹೀಗೆಯೇ ಆಗುತ್ತದೆ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಕೂದಲು ಮೊದಲಿನಂತಾಗುತ್ತದೆ. ಅನಂತರವೂ ಉದುರುತ್ತಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹಾಲು ಬಿಡಿಸಬೇಡಿ.