ಒಂದು ಇಂಚು ಎಲ್ಲಿ ಹೋಯ್ತು? ಮಣಿ ಪೋಣಿಸಲು ಕಲಿಯುವವರಿಗೆ ನನ್ನ ಟಿಪ್ಪಣಿ

ಮೂರು ವಾರದಿಂದ ಮನೆಯಲ್ಲೇ ಮಣಿ ಪೋಣಿಸುವುದು ಕಲಿಯುತ್ತಿದ್ದೇನೆ. ಇಲ್ಲಿವರೆಗೆ ಒಂದು ಸರ, ಒಂದು ಜೊತೆ ಓಲೆ, ಮೂರು ಬ್ರೇಸ್‌ಲೆಟ್ ಆಗಿದೆ. ಮೂರು ಅಂದೆ, ಆದರೆ ನನ್ನ ಕೈಗೆ ಆಗುವುದು ಒಂದೇ. ಉಳಿದೆರಡು ಯಾಕೆ ಕೆಟ್ಟವು ಅನ್ನುವುದೇ ಈ ಟಿಪ್ಪಣಿಯ ಮುಕ್ಕಾಲು ಭಾಗ. ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಸಾಮಾನು

ಬೆಂಗಳೂರಿನಲ್ಲಿ ಇರುವವರು ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಒಂದು ಸುತ್ತು ಹಾಕಿದರೆ ಎಲ್ಲಾ ಸಿಗುತ್ತದೆ. ಮೊದಲ ಸಲಕ್ಕೆ ಜಾಸ್ತಿ ಏನೂ ಬೇಡ: 8 ಮಿ.ಮೀ. ಗುಂಡು ಮಣಿಯ ಒಂದು ಲೈನ್, ಗೇರ್ ವೈರ್ (ಮಣಿ ಪೋಣಿಸುವ ತೆಳು ತಂತಿ), ಗೇರ್ ಲಾಕ್ (ಒತ್ತಿದರೆ ವೈರನ್ನು ಹಿಡಿದುಕೊಳ್ಳುವ ಪುಟ್ಟ ಲೋಹದ ಮಣಿ), ಒಂದು ಕೊಕ್ಕೆ, ಅದನ್ನು ಸಿಕ್ಕಿಸಲು ನಾಲ್ಕು ಸಣ್ಣ ರಿಂಗ್, ಒಂದು ನೋಸ್ ಪ್ಲೇಯರ್ (ಚೂಪು ಮೂತಿಯ ಇಕ್ಕಳ). ಲೈನ್ ಅಂದರೆ ದಾರದಲ್ಲಿ ಪೋಣಿಸಿ ಮಾರುವ ಸರ. ಸಾಮಾನ್ಯವಾಗಿ 16 ಇಂಚಿಗೆ ಹತ್ತಿರ ಇರುತ್ತದೆ. 8 ಮಿ.ಮೀ. ಮಣಿ ಆದರೆ ಅದರಲ್ಲಿ ಸುಮಾರು 50 ಬರುತ್ತವೆ, ಎರಡು ಬ್ರೇಸ್‌ಲೆಟ್‌ಗೆ ಸಾಕು.

ಸಣ್ಣ ಗಾಜಿನ ಮಣಿಗೆ ಮಾತ್ರ ಮಿ.ಮೀ. ಬದಲು ನಂಬರ್ ಹೇಳುತ್ತಾರೆ, ಅದೂ ಉಲ್ಟಾ. 11 ನಂಬರ್ ಸುಮಾರು 2 ಮಿ.ಮೀ., 8 ನಂಬರ್ 3, 6 ನಂಬರ್ 4. ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. ಓಲೆಗೆ ಬಳಸುವ ತಂತಿಯ ಗೇಜೂ (ದಪ್ಪ ಹೇಳುವ ನಂಬರ್) ಹಾಗೇ: 20 ಗೇಜ್ ದಪ್ಪ, 24 ಗೇಜ್ ತೆಳು. ನಾನು ದಪ್ಪ ಬೇಕು ಅಂತ 26 ಕೇಳಿ ತಂದು, ಕೂದಲಿನಂಥ ತಂತಿ ಹಿಡಿದುಕೊಂಡು ಕೂತಿದ್ದೆ.

ತಟ್ಟೆಯಲ್ಲಿ ಹಳೇ ಟವೆಲ್ ಹಾಸಿಕೊಂಡು ಅದರ ಮೇಲೆ ಕೆಲಸ ಮಾಡಿ. ಬರಿ ನೆಲದ ಮೇಲೆ ಕೂತರೆ ಮಣಿ ಸೋಫಾ ಕೆಳಗೇ ಹೋಗುತ್ತದೆ, ಬೇರೆಲ್ಲೂ ಹೋಗುವುದಿಲ್ಲ.

ನನ್ನನ್ನು ಕೆಡವಿದ ಅಳತೆ

ನನ್ನ ಮಣಿಕಟ್ಟು ಟೇಪಿನಲ್ಲಿ ಸರಿಯಾಗಿ 6 ಇಂಚು. ಕೈ ಆಡಿಸಲು ಅರ್ಧ ಇಂಚು ಸೇರಿಸಿ, ಕೊಕ್ಕೆ ಸಹಿತ ಆರೂವರೆ ಇಂಚಿಗೆ 8 ಮಿ.ಮೀ. ಮಣಿ ಪೋಣಿಸಿದೆ. ಸ್ಕೇಲ್ ಪಕ್ಕ ಮಲಗಿಸಿ ನೋಡಿದೆ, ಆರೂವರೆಯೇ. ಕೈಗೆ ಸುತ್ತಿದರೆ ಕೊಕ್ಕೆಗೂ ರಿಂಗ್‌ಗೂ ನಡುವೆ ಅರ್ಧ ಇಂಚು ಸಂದು! ಸ್ಕೇಲ್ ಮೇಲೆ ಇದ್ದದ್ದು ಕೈ ಮೇಲೆ ಇಲ್ಲ.

ಸರಿ, ಅಳತೆ ತಪ್ಪಿರಬೇಕು ಅಂತ ಎರಡನೆಯದನ್ನು 7 ಇಂಚಿಗೆ ಮಾಡಿದೆ. ಬದಲಾವಣೆ ಇರಲಿ ಅಂತ ಈ ಸಲ 12 ಮಿ.ಮೀ. ದಪ್ಪ ಮಣಿ ತೆಗೆದುಕೊಂಡೆ. ಅದೂ ಅಷ್ಟೇ ಬಿಗಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಅದೇ ಅರ್ಧ ಇಂಚು ಸಂದು. ಅರ್ಧ ಇಂಚು ಜಾಸ್ತಿ ಹಾಕಿದರೂ ಏನೂ ಜಾಸ್ತಿ ಆಗಲಿಲ್ಲ ಅಂದರೆ ತಲೆ ಕೆಡುತ್ತೆ ಅಲ್ವಾ?

ಅಮ್ಮ ಹುರುಳಿಕಾಯಿ ಬಿಡಿಸುತ್ತಾ ನೋಡುತ್ತಿದ್ದರು. "ಅಲ್ಲ ಕಣೇ, ಬಳೆ ತಗೊಳ್ಳುವಾಗ ಒಳಗಿನ ಅಳತೆ ನೋಡ್ತೀವೋ, ಹೊರಗಿನದೋ?" ಅಂದರು.

ಅಲ್ಲಿ ಬಿತ್ತು ಬೆಳಕು. ಬಳೆ ಅಂಗಡಿಯ 2.6 ಅನ್ನುವುದು ಬಳೆಯ ಒಳಗಿನ ಅಡ್ಡಳತೆ, ಅಂದರೆ 2 ಇಂಚಿನ ಮೇಲೆ ಹದಿನಾರರಲ್ಲಿ 6 ಭಾಗ. ತೆಳು ಗಾಜಿನ ಬಳೆ ಇರಲಿ, ಬೆರಳು ದಪ್ಪದ ಕಡಗ ಇರಲಿ, 2.6 ಅಂದರೆ ಒಳಗಿನ ಜಾಗ ಅಷ್ಟೇ. ಕಡಗ ದಪ್ಪ ಆದಷ್ಟೂ ಹೊರಗೆ ಬೆಳೆಯುತ್ತದೆ.

ನಾನು ಮಾಡಿದ್ದು ಇದರ ಉಲ್ಟಾ. ವೈರ್ ಹೋಗುವುದು ಮಣಿಯ ನಡುಮಧ್ಯದ ತೂತಿನಲ್ಲಿ. ಸ್ಕೇಲ್ ಮೇಲೆ ನಾನು ಅಳೆದದ್ದು ಆ ವೈರಿನ ಉದ್ದ. ಆದರೆ ಕೈಗೆ ತಾಗುವುದು ವೈರ್ ಅಲ್ಲ, ಮಣಿಯ ಒಳಮೈ. 8 ಮಿ.ಮೀ. ಮಣಿಯಲ್ಲಿ ತೂತಿನಿಂದ ಒಳಮೈಗೆ 4 ಮಿ.ಮೀ. ಸುತ್ತಿದಾಗ ಈ ಕಡೆ 4, ಆ ಕಡೆ 4, ಒಟ್ಟು ಅಡ್ಡಳತೆಯಲ್ಲಿ 8 ಮಿ.ಮೀ. ಹೋಯಿತು. ಅಡ್ಡಳತೆ 8 ಕಡಿಮೆಯಾದರೆ ಸುತ್ತಳತೆ 3.14 × 8, ಅಂದರೆ ಸುಮಾರು 25 ಮಿ.ಮೀ. ಕಡಿಮೆ. 25 ಮಿ.ಮೀ. ಅಂದರೆ ಒಂದು ಇಂಚು. ನನ್ನ ಆರೂವರೆ ಕೈ ಮೇಲೆ ಐದೂವರೆ ಆಗಿತ್ತು.

12 ಮಿ.ಮೀ. ಮಣಿಯಲ್ಲಿ ಹೋಗುವುದು ಸುಮಾರು ಒಂದೂವರೆ ಇಂಚು. 7ರಲ್ಲಿ ಒಂದೂವರೆ ಕಳೆದರೆ ಮತ್ತೆ ಐದೂವರೆ. ಎರಡೂ ಬ್ರೇಸ್‌ಲೆಟ್ ಒಂದೇ ಥರ ಬಿಗಿ ಬಂದದ್ದು ಅದಕ್ಕೇ.

ಹಾಗಾಗಿ ನಾನು ಗೋಡೆ ಮೇಲೆ ಅಂಟಿಸಿಕೊಂಡಿರುವ ಲೆಕ್ಕ ಇದು. ಮಣಿಕಟ್ಟಿನ ಅಳತೆಗೆ ಅರ್ಧ ಇಂಚು ಸಡಿಲ ಸೇರಿಸಿ. ಆಮೇಲೆ ಮಣಿಯ ಪ್ರತಿ 4 ಮಿ.ಮೀ. ದಪ್ಪಕ್ಕೆ ಇನ್ನೂ ಅರ್ಧ ಇಂಚು. 4 ಮಿ.ಮೀ. ಮಣಿಗೆ ಅರ್ಧ, 8ಕ್ಕೆ ಒಂದು, 12ಕ್ಕೆ ಒಂದೂವರೆ. ಮಜಾ ಏನೆಂದರೆ ಕೈ ಎಷ್ಟು ದಪ್ಪ ಅನ್ನುವುದಕ್ಕೂ ಈ ಕಳೆತಕ್ಕೂ ಸಂಬಂಧವೇ ಇಲ್ಲ. ಮಗುವಿನ ಕೈ ಆಗಲಿ, ಅಪ್ಪನ ಕೈ ಆಗಲಿ, 8 ಮಿ.ಮೀ. ಮಣಿ ತಿನ್ನುವುದು ಒಂದೇ ಇಂಚು. ಇದನ್ನು ನಂಬಲು ನನಗೆ ಒಂದು ಸಂಜೆ ಬೇಕಾಯಿತು. ಕೊನೆಗೆ ತಟ್ಟೆ, ಲೋಟ ಎರಡರ ಸುತ್ತಲೂ ಮಣಿ ಸುತ್ತಿ, ಒಳಗಿನ ಅಳತೆ, ವೈರಿನ ಅಳತೆ ಎರಡನ್ನೂ ತೆಗೆದು ನೋಡಿದೆ. ಎರಡರಲ್ಲೂ ವ್ಯತ್ಯಾಸ ಒಂದೇ.

ನನ್ನ ಕೈಗೆ 6 + ಅರ್ಧ + 1, ಏಳೂವರೆ ಇಂಚು. ಅದರಲ್ಲಿ ಕೊಕ್ಕೆ, ರಿಂಗ್, ಲಾಕ್ ಸೇರಿ ಒಂದು ಇಂಚು ಬಿಟ್ಟರೆ ಮಣಿಗೆ ಉಳಿಯುವುದು ಆರೂವರೆ, ಅಂದರೆ 165 ಮಿ.ಮೀ. ಎಂಟರಿಂದ ಭಾಗಿಸಿದರೆ 20 ಮಣಿ. ಕೂತಿತು. ಕೊಕ್ಕೆ ಇರುವ ಕಡೆ ತೆಳು ಆದ್ದರಿಂದ ಚೂರು ಸಡಿಲವೇ ಬಂತು, ನನಗೆ ಅದೇ ಇಷ್ಟ.

ಸರ ಮಾಡಿದಾಗ ಯಾಕೆ ಗೊತ್ತಾಗಲಿಲ್ಲ? ಕತ್ತಿನ ಸರ ಹೇಗಿದ್ದರೂ ಜೋತು ಬೀಳುತ್ತದೆ, 18 ಇಂಚಿನಲ್ಲಿ ಒಂದು ಇಂಚು ಹೋದರೆ ಯಾರೂ ಕೇಳುವುದಿಲ್ಲ. ಅದು ಸರಿ ಬಂತಲ್ಲ ಅಂತಲೇ ನಾನು ಮೋಸ ಹೋದದ್ದು. ಕತ್ತಿಗೆ ಅಂಟಿಕೊಂಡು ಕೂರುವ ಚೋಕರ್‌ಗೆ ಮಾತ್ರ ಬ್ರೇಸ್‌ಲೆಟ್ ಲೆಕ್ಕವೇ ಹಿಡಿಯಿರಿ.

ಗೇರ್ ಲಾಕ್

ವೈರನ್ನು ಲಾಕ್ ಒಳಗೆ ತೂರಿಸಿ, ರಿಂಗ್ ಸುತ್ತಿ, ಅದೇ ಲಾಕ್‌ನಲ್ಲಿ ವಾಪಸ್ ತಂದು, ಪ್ಲೇಯರ್‌ನಿಂದ ಒತ್ತುವುದು. ಒಳಗೆ ಎರಡು ಎಳೆ ಒಂದರ ಮೇಲೊಂದು ಹತ್ತಬಾರದು, ಅಕ್ಕಪಕ್ಕ ಇರಬೇಕು. ಹತ್ತಿಕೊಂಡರೆ ಒತ್ತಿದಾಗ ವೈರ್ ಕತ್ತರಿಸುತ್ತದೆ. ಉಳಿದ ಬಾಲವನ್ನು ಮುಂದಿನ ಎರಡು ಮೂರು ಮಣಿಯೊಳಗೆ ಅಡಗಿಸಿ ಕತ್ತರಿಸಿ, ಇಲ್ಲದಿದ್ದರೆ ಕೈಗೆ ಚುಚ್ಚುತ್ತಿರುತ್ತದೆ.

ಕೊನೆಯ ಲಾಕ್ ಒತ್ತುವ ಮುಂಚೆ ಸರವನ್ನು ಗುಂಡಗೆ ಬಗ್ಗಿಸಿ ಹಿಡಿಯಿರಿ. ನೆಟ್ಟಗೆ ಎಳೆದು ಒತ್ತಿದರೆ ಕೈಗೆ ಹಾಕಿದಾಗ ಕಡ್ಡಿ ಥರ ಸೆಟೆದು ನಿಲ್ಲುತ್ತದೆ. ಒಂದೆರಡು ಮಿ.ಮೀ. ಆಟ ಬಿಡಿ. ಕೊಳವೆ ಆಕಾರದ ಮಣಿಗೆ ಇನ್ನೂ ಸ್ವಲ್ಪ ಜಾಸ್ತಿ, ಬಗ್ಗಿದಾಗ ಅವುಗಳ ಅಂಚು ಒಂದಕ್ಕೊಂದು ಗುದ್ದುತ್ತದೆ.

ಎಲಾಸ್ಟಿಕ್, ದಾರ, ರಿಂಗ್

ಎಲಾಸ್ಟಿಕ್‌ಗೆ ಕೊಕ್ಕೆ ಬೇಡ, ಆ ಅರ್ಧ ಇಂಚು ಸಡಿಲವೂ ಬೇಡ, ಆದರೆ ಮಣಿ ತಿನ್ನುವ ಇಂಚು ಇಲ್ಲೂ ಬೇಕು. ನನ್ನ 6 ಇಂಚಿಗೆ 22 ಮಣಿ. ಪೋಣಿಸುವ ಮುಂಚೆ ಎಲಾಸ್ಟಿಕ್ಕನ್ನು ಎರಡು ಮೂರು ಸಲ ಚೆನ್ನಾಗಿ ಎಳೆದುಬಿಡಿ, ಇಲ್ಲವಾದರೆ ವಾರದಲ್ಲೇ ಮಣಿ ನಡುವೆ ಸಂದು ಕಾಣುತ್ತದೆ. ಗಂಟಿನ ಮೊದಲ ಸುತ್ತಿನಲ್ಲಿ ತುದಿಯನ್ನು ಎರಡು ಸಲ ತೂರಿಸಿ, ಆಮೇಲೆ ಮಾಮೂಲಿ ಗಂಟು. ಮೇಲೆ ಒಂದು ಹನಿ ಅಂಟು.

ಕರಿಮಣಿಯಂಥ ಸಣ್ಣ ತೂತಿಗೆ ಸೂಜಿಯೇ ಹೋಗದಿದ್ದರೆ ದಾರದ ತುದಿಯ ಒಂದು ಇಂಚಿಗೆ ನೇಲ್ ಪಾಲಿಶ್ ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿ. ದಾರವೇ ಸೂಜಿ ಆಗುತ್ತದೆ. ಎಂಜಲು ಹಚ್ಚಿ ಹೊಸೆಯುವುದಕ್ಕಿಂತ ಎಷ್ಟೋ ವಾಸಿ.

ರಿಂಗ್ ಬಿಡಿಸುವಾಗ ತುದಿಗಳನ್ನು ಎಡಕ್ಕೆ ಬಲಕ್ಕೆ ಎಳೆದು ಅಗಲ ಮಾಡಬೇಡಿ, ಗುಂಡಗಿನ ಆಕಾರ ವಾಪಸ್ ಬರುವುದಿಲ್ಲ. ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆ ಕಡೆಗೆ ತಿರುಗಿಸಿ, ಮುಚ್ಚುವಾಗಲೂ ಹಾಗೇ. ಓಲೆಯ ಕೊಂಡಿ ಬಗ್ಗಿಸುವುದು ಇನ್ನೂ ನನ್ನ ಕೈಗೆ ಹತ್ತಿಲ್ಲ. ಮಾಡಿದ ಜೊತೆಯಲ್ಲಿ ಒಂದು ಸ್ವಲ್ಪ ಉದ್ದ ಇದೆ, ಕೂದಲು ಬಿಟ್ಟರೆ ಕಾಣುವುದಿಲ್ಲ.