ಆಟಿಸಂ ಇರುವ ಮಗುವಿನ ಥೆರಪಿಗೆ ಸರ್ಕಾರದ ನೆರವು, ಇನ್ಶೂರೆನ್ಸ್ ಸಿಗುತ್ತಾ?

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಎರಡೂ ಶುರುವಾಗಿವೆ. ಖರ್ಚು ಕೈಮೀರುತ್ತಿದೆ. ಆಫೀಸಿನ ಇನ್ಶೂರೆನ್ಸ್‌ನವರು ಥೆರಪಿ ಬಿಲ್ ಆಗಲ್ಲ ಎಂದರು. ಸರ್ಕಾರದಿಂದ ಏನಾದರೂ ಸಿಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಿಗುತ್ತದೆ. ಆದರೆ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ, ಕೇಳದೆ ಯಾರೂ ಕೊಡುವುದೂ ಇಲ್ಲ. ಮೊದಲಿಗೆ ಒಂದು ಮಾತು: ಕಾಗದಪತ್ರ ಆಗಲಿ ಎಂದು ಥೆರಪಿ ನಿಲ್ಲಿಸಬೇಡಿ. ಈ ವಯಸ್ಸಿನ ಒಂದೊಂದು ತಿಂಗಳೂ ಮಗುವಿಗೆ ಮುಖ್ಯ. ಎರಡೂ ಜೊತೆಜೊತೆಗೇ ನಡೆಯಲಿ.

ಯಾವ ಸರ್ಟಿಫಿಕೇಟೂ ಇಲ್ಲದೆ ಹೋಗಬಹುದಾದ ಜಾಗ ಒಂದಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇರುವ ಕಾರ್ಯಕ್ರಮ ಇದು, ಆಟಿಸಂ ಕೂಡ ಇದರ ಪಟ್ಟಿಯಲ್ಲಿದೆ. ಇದರಡಿ ಜಿಲ್ಲಾ ಮಟ್ಟದಲ್ಲಿ ಡಿ.ಇ.ಐ.ಸಿ., ಅಂದರೆ ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ ಇರುತ್ತದೆ, ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೇ. ತಪಾಸಣೆ, ಥೆರಪಿ ಎರಡೂ ಉಚಿತ. ಎಲ್ಲ ಕಡೆ ಎಲ್ಲ ಹುದ್ದೆಗಳೂ ಭರ್ತಿ ಇರುವುದಿಲ್ಲ. ಹಾಗಾಗಿ ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರುತ್ತಾರೆ ಎಂದು ಕೇಳಿಕೊಂಡೇ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಕೂಡ ಸರ್ಕಾರದವೇ. ಮನೆಯಲ್ಲಿ ಮಗುವಿನ ಜೊತೆ ಏನು ಮಾಡಬೇಕು ಎಂಬುದನ್ನು ತಂದೆತಾಯಿಗೂ ಅಲ್ಲಿ ಕಲಿಸಿಕೊಡುತ್ತಾರೆ.

ಇನ್ನು ಕಾಗದದ ವಿಷಯ. ಬಹುತೇಕ ಎಲ್ಲ ಸೌಲಭ್ಯಕ್ಕೂ ಮೂಲ ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ. ಇದಕ್ಕೆ ಸರ್ಕಾರದ ಸ್ವಾವಲಂಬನ್ ಎಂಬ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಆಸ್ಪತ್ರೆಯ ಮೆಡಿಕಲ್ ಬೋರ್ಡ್ ಮಗುವನ್ನು ನೋಡುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅರ್ಜಿ ಹಾಕಿಸುವುದು ಅವರ ಕೆಲಸವೇ.

ಬೋರ್ಡ್ ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ಆಟಿಸಂ ಅಳೆಯಲು ನಮ್ಮ ದೇಶದಲ್ಲೇ ಮಾಡಿದ ಐ.ಎಸ್.ಎ.ಎ. ಎಂಬ ಅಳತೆ ಇದೆ. ಅದರಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಾನಾ, ಹೇಳಿದ್ದನ್ನೇ ತಿರುಗಿ ಹೇಳುತ್ತಾನಾ, ಸದ್ದಿಗೆ ಬೆಚ್ಚುತ್ತಾನಾ, ಹೀಗೆ ಕೇಳುತ್ತಾರೆ. ಹತ್ತು ನಿಮಿಷದಲ್ಲಿ ಹೊಸಬರ ಎದುರು ಮಗು ಸುಮ್ನೆ ಕೂತುಬಿಡಬಹುದು, ಅಲ್ವಾ? ಮನೆಯಲ್ಲಿ ಕೈ ಬಡಿಯುವುದು, ಊಟದ ಹೊತ್ತಿನ ರಂಪ, ಒಂದೇ ಆಟಿಕೆಯ ಚಕ್ರ ತಿರುಗಿಸುತ್ತಾ ಕೂರುವುದು, ಇವನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು ತೋರಿಸಿ. ಥೆರಪಿ ಕೇಂದ್ರದ ರಿಪೋರ್ಟ್‌ಗಳನ್ನೂ ಒಯ್ಯಿರಿ.

ಕಾರ್ಡ್ ಕೈಗೆ ಬಂದಾಗ ಎರಡು ಜಾಗ ನೋಡಿ. ಒಂದು, ಅಂಗವೈಕಲ್ಯದ ಶೇಕಡಾವಾರು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಎರಡು, ಯಾವ ವಿಧ ಎಂದು ಬರೆದಿದ್ದಾರೆ ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧಗಳಿವೆ. ಮಾತು ಬಾರದ ಮಗುವಿಗೆ ‘ಮಾತು ಮತ್ತು ಭಾಷೆಯ ನ್ಯೂನತೆ’ ಎಂದಷ್ಟೇ ನಮೂದಾದರೆ ಮುಂದೆ ಹೇಳುವ ವಿಮೆ ಕೈತಪ್ಪುತ್ತದೆ. ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂದೇ ಇದೆಯಾ ಎಂದು ಅಲ್ಲೇ ಖಚಿತ ಮಾಡಿಕೊಳ್ಳಿ.

ಆ ವಿಮೆಯ ಹೆಸರು ನಿರಾಮಯ. 1999ರ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್ ಇದನ್ನು ನಡೆಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ. ಸೇರಲು ವೈದ್ಯಕೀಯ ಪರೀಕ್ಷೆ ಇಲ್ಲ, ಕಟ್ಟುವ ಶುಲ್ಕ ಕೆಲವು ನೂರು ರೂಪಾಯಿ ಅಷ್ಟೇ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಏನೆಂದರೆ, ಇದರಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ನಿಯಮಿತ ಥೆರಪಿ ಎರಡೂ ಸೇರಿವೆ. ಥೆರಪಿಗೆ ಒಳಮಿತಿ ಇದೆ, ಪೂರ್ತಿ 1 ಲಕ್ಷ ಅದಕ್ಕೇ ಸಿಗುವುದಿಲ್ಲ. ಆದರೂ ಬಿಡಬೇಡಿ.

ಇಲ್ಲಿ ಮೊದಲು ನೀವು ದುಡ್ಡು ಕಟ್ಟಿ, ಆಮೇಲೆ ಬಿಲ್ ಕಳಿಸಿ ವಾಪಸ್ ಪಡೆಯಬೇಕು. ಆದ್ದರಿಂದ ಬಿಲ್ಲೇ ಎಲ್ಲ. ‘ಥೆರಪಿ, ಮಾರ್ಚ್ ತಿಂಗಳು’ ಎಂದು ಒಂದೇ ಸಾಲು ಬರೆದುಕೊಟ್ಟರೆ ಒಪ್ಪಬೇಡಿ. ಮಗುವಿನ ಹೆಸರು ಕಾರ್ಡಿನಲ್ಲಿರುವಂತೆಯೇ ಇರಲಿ. ಪ್ರತಿ ಸೆಷನ್‌ನ ತಾರೀಖು, ಯಾವ ಥೆರಪಿ, ಎಷ್ಟು ಹಣ, ಥೆರಪಿಸ್ಟ್‌ರ ನೋಂದಣಿ ಸಂಖ್ಯೆ, ಸಹಿ, ಸೀಲು ಎಲ್ಲವೂ ಬೇಕು. ಥೆರಪಿ ಬೇಕು ಎಂದು ಡಾಕ್ಟರು ಬರೆದ ಚೀಟಿಯನ್ನೂ ಜೊತೆಗಿಡಿ. ಬಿಲ್‌ಗಳನ್ನು ಕೂಡಿಟ್ಟು ವರ್ಷದ ಕೊನೆಗೆ ಕಳಿಸೋಣ ಎಂದುಕೊಳ್ಳಬೇಡಿ, ಗಡುವು ದಾಟುತ್ತದೆ. ಪ್ರತಿ ವರ್ಷ ನವೀಕರಣವನ್ನೂ ಮರೆಯಬಾರದು.

ಆಫೀಸಿನ ಇನ್ಶೂರೆನ್ಸ್ ಯಾಕೆ ಒಪ್ಪಲಿಲ್ಲ? ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ಬಡ ಕುಟುಂಬಗಳಿಗೆ 5 ಲಕ್ಷದವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ ಕೂಡ ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆಗೇ. ವಾರವಾರದ ಥೆರಪಿ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೆಲವು ಕಂಪನಿಗಳು ತಮ್ಮ ನೌಕರರ ಗ್ರೂಪ್ ಪಾಲಿಸಿಯಲ್ಲಿ ಆಟಿಸಂ ಥೆರಪಿಯನ್ನು ಸೇರಿಸಿಕೊಂಡಿವೆ. ನಿಮ್ಮ ಎಚ್‌ಆರ್‌ಗೆ ಇಮೇಲ್ ಮಾಡಿ ಕೇಳಿ. ಈಗ ಇಲ್ಲದಿದ್ದರೆ ಮುಂದಿನ ನವೀಕರಣದಲ್ಲಿ ಸೇರಿಸಿ ಎಂದು ನಾಲ್ಕೈದು ಪೋಷಕರು ಒಟ್ಟಿಗೆ ಕೇಳಿದರೆ ಬೆಲೆ ಜಾಸ್ತಿ. ಅಂಗವೈಕಲ್ಯ ಇರುವವರಿಗೂ ಪಾಲಿಸಿ ಕೊಡಲೇಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಎಲ್ಲ ವಿಮಾ ಕಂಪನಿಗಳಿಗೂ ಹೇಳಿದೆ. ಅಂಥ ಪಾಲಿಸಿ ಕೊಳ್ಳುವ ಮುಂಚೆ ಹೊರರೋಗಿ ಥೆರಪಿ ಇದೆಯಾ, ಅದು ಸಿಗಲು ಎಷ್ಟು ವರ್ಷ ಕಾಯಬೇಕು ಎಂದು ನೋಡಿ.

ಜ್ವರಕ್ಕೋ ಫಿಟ್ಸ್‌ಗೋ ಮಗು ಅಡ್ಮಿಟ್ ಆದಾಗ ‘ಆಟಿಸಂ ಇದೆ, ಕೊಡಲ್ಲ’ ಎಂದರೆ ಅದು ಬೇರೆ ಮಾತು. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.